ಸುಮ್ನೆ ಕೂತಾಗಲೂ ಗಡಿಯಾರ ಯಾಕೆ ಕಾಡುತ್ತದೆ?

ಭಾನುವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಬಹಳ ಜನರಿಗೆ ಒಂದು ಕಸಿವಿಸಿ ಶುರುವಾಗುತ್ತದೆ. ಬೆಳಿಗ್ಗೆ ತಡವಾಗಿ ಎದ್ದದ್ದು, ತಿಂಡಿಗೆ ಕೂತು ಹರಟಿದ್ದು, ಊಟ ಮಾಡಿ ಒಂದು ನಿದ್ದೆ ತೆಗೆದದ್ದು ಎಲ್ಲ ನೆನಪಾಗುತ್ತದೆ. ‘ಇವತ್ತು ಏನೂ ಮಾಡಲೇ ಇಲ್ವಲ್ಲ’ ಅನ್ನಿಸುತ್ತದೆ. ಹಾಗೆ ನೋಡಿದರೆ ತುರ್ತಿನ ಕೆಲಸ ಯಾವುದೂ ಬಾಕಿ ಇರುವುದಿಲ್ಲ. ಯಾರೂ ಲೆಕ್ಕ ಕೇಳಿರುವುದಿಲ್ಲ. ಆದರೂ ಮನಸ್ಸು ತಾನೇ ಲೆಕ್ಕ ಒಪ್ಪಿಸಲು ಕೂರುತ್ತದೆ.

ಇದು ಒಬ್ಬಿಬ್ಬರ ಸ್ವಭಾವದ ಮಾತಲ್ಲ. ಇದರ ಹಿಂದೆ ಒಂದು ಚರಿತ್ರೆ ಇದೆ, ಮನಸ್ಸು ಕೆಲಸ ಮಾಡುವ ಒಂದು ರೀತಿ ಇದೆ. ಮನಶ್ಶಾಸ್ತ್ರಜ್ಞರು ಈ ವಿಷಯವನ್ನು ಸಾಕಷ್ಟು ಕೆದಕಿ ನೋಡಿದ್ದಾರೆ. ಅವರ ಪ್ರಯೋಗಗಳನ್ನು ಓದುತ್ತಾ ಹೋದರೆ ಒಂದು ವಿಷಯ ಎದ್ದು ಕಾಣುತ್ತದೆ. ಸಣ್ಣಪುಟ್ಟ ಸುಖಗಳು ಕೈತಪ್ಪುವುದಕ್ಕೆ ಸಮಯ ಇಲ್ಲದಿರುವುದು ಅರ್ಧ ಕಾರಣ. ಇರುವ ಸಮಯವನ್ನು ನಾವು ನೋಡುವ ರೀತಿ ಇನ್ನರ್ಧ. ಕೈಯಲ್ಲಿ ಬಿಡುವು ಇದ್ದಾಗಲೂ ಅದು ಹಿತ ಕೊಡದೆ ಜಾರಿಹೋಗುವುದು ಇದರಿಂದಲೇ.

ಮೊದಲು ಚರಿತ್ರೆ. ಗಂಟೆ ಲೆಕ್ಕದಲ್ಲಿ ದುಡಿಯುವುದು ಮನುಷ್ಯರಿಗೆ ತೀರಾ ಹೊಸದು. ಹೊಲಕ್ಕೆ ಬೇಕಾದದ್ದು ಹದ. ಮಳೆ ಬಿದ್ದರೆ ಬಿತ್ತನೆ, ಬಿಸಿಲು ಬಂದರೆ ಒಕ್ಕಣೆ. ನಾಟಿ ಸಮಯದಲ್ಲಿ ಬೆನ್ನು ಮುರಿಯುವ ದುಡಿಮೆ, ಸುಗ್ಗಿ ಮುಗಿದ ಮೇಲೆ ಅರಳಿಕಟ್ಟೆಯಲ್ಲಿ ಮಾತು. ಆ ಬದುಕಿನಲ್ಲಿ ಬಡತನ ಇತ್ತು, ಜೀತ ಇತ್ತು, ಅದನ್ನು ಚಂದ ಮಾಡಿ ಹೇಳುವುದು ತಪ್ಪು. ಆದರೆ ನಿಮಿಷದ ಲೆಕ್ಕ ಇರಲಿಲ್ಲ. ಇಂಗ್ಲೆಂಡಿನ ಚರಿತ್ರಕಾರ ಇ. ಪಿ. ಥಾಂಪ್ಸನ್ 1967ರ ಒಂದು ಪ್ರಬಂಧದಲ್ಲಿ, ಕಾರ್ಖಾನೆಗಳು ಬಂದ ಮೇಲೆ ಏನಾಯಿತು ಎಂದು ವಿವರಿಸಿದರು. ಅಲ್ಲಿಯವರೆಗೆ ‘ಕೆಲಸ ಮುಗಿಯಿತಾ?’ ಎಂದು ಕೇಳುತ್ತಿದ್ದರು. ಆಮೇಲೆ ‘ಎಷ್ಟು ಹೊತ್ತು ಮಾಡಿದೆ?’ ಎಂದು ಕೇಳತೊಡಗಿದರು. ಕೂಲಿ ಗಂಟೆಗೆ ಇಷ್ಟು ಎಂದಾದಾಗ, ಹೊತ್ತು ಕಳೆಯುವ ಬದಲು ಖರ್ಚಾಗತೊಡಗಿತು.

ಇದನ್ನು ಇನ್ನೂ ಬಿಗಿ ಮಾಡಿದವರು ಅಮೆರಿಕದ ಎಂಜಿನಿಯರ್ ಫ್ರೆಡರಿಕ್ ಟೇಲರ್. ಕೂಲಿಗಳ ಪಕ್ಕದಲ್ಲಿ ಸ್ಟಾಪ್‌ವಾಚ್ ಹಿಡಿದು ನಿಂತು, ಕೈ ಹೀಗೆ ಎತ್ತಿದರೆ ಎಷ್ಟು ಸೆಕೆಂಡು, ಹಾಗೆ ಇಟ್ಟರೆ ಎಷ್ಟು ಎಂದು ಅಳೆಸಿದರು. ದಿನಕ್ಕೆ 12.5 ಟನ್ ಕಬ್ಬಿಣ ಹೊರುತ್ತಿದ್ದ ಆಳು 47 ಟನ್ ಹೊರಬಲ್ಲ ಎಂಬುದು 1911ರಲ್ಲಿ ಅವರು ಮಂಡಿಸಿದ ಲೆಕ್ಕ. ಆಗ ಸ್ಟಾಪ್‌ವಾಚ್ ಮೇಸ್ತ್ರಿ ಕೈಯಲ್ಲಿತ್ತು. ಕೆಲಸಗಾರ ಗೇಟು ದಾಟಿದರೆ ಅದರಿಂದ ಬಿಡುಗಡೆ. ಇವತ್ತು ಅದು ನಮ್ಮ ಮಣಿಕಟ್ಟಿನ ಮೇಲೆ, ಜೇಬಿನಲ್ಲಿ, ಹಾಸಿಗೆ ಪಕ್ಕದಲ್ಲಿದೆ. ನಿದ್ದೆಗೂ ಮಾರ್ಕ್ಸ್ ಕೊಡುವ ವಾಚುಗಳಿವೆ. ಗೇಟು ದಾಟುವುದು ಎಲ್ಲಿಗೆ?

ಈಗ ಮನಸ್ಸಿನ ವಿಷಯಕ್ಕೆ ಬರೋಣ. ನನಗೆ ತುಂಬಾ ಹಿಡಿಸಿದ ಪ್ರಯೋಗ ಒಂದಿದೆ. 2012ರಲ್ಲಿ ಟೊರಾಂಟೊ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಪ್ರಕಟಿಸಿದ್ದು. ಕೆಲವರಿಗೆ ಮೊದಲು ಒಂದು ಲೆಕ್ಕ ಮಾಡಿಸಿದರು. ನಿಮ್ಮ ಸಂಬಳ ಇಷ್ಟು, ದುಡಿಯುವ ಗಂಟೆ ಇಷ್ಟು, ಹಾಗಾದರೆ ನಿಮ್ಮ ಒಂದು ಗಂಟೆಯ ಬೆಲೆ ಎಷ್ಟು? ಉಳಿದವರಿಗೆ ಈ ಲೆಕ್ಕ ಕೊಡಲಿಲ್ಲ. ಆಮೇಲೆ ಎಲ್ಲರಿಗೂ ಒಂದು ಇಂಪಾದ ಸಂಗೀತ ಕೇಳಿಸಿದರು. ಬರೀ 86 ಸೆಕೆಂಡು, ಅಂದರೆ ಒಂದೂವರೆ ನಿಮಿಷವೂ ಅಲ್ಲ. ಗಂಟೆಯ ಬೆಲೆ ಲೆಕ್ಕ ಹಾಕಿ ಬಂದವರಿಗೆ ಆ 86 ಸೆಕೆಂಡು ಕೂರುವುದೇ ಕಷ್ಟವಾಯಿತು. ಚಡಪಡಿಸಿದರು. ಸಂಗೀತ ಅಷ್ಟಾಗಿ ಹಿತ ಅನ್ನಿಸಲಿಲ್ಲ. ಹಾಗೆ ಲೆಕ್ಕ ಹಾಕಿದವರಲ್ಲೇ ಕೆಲವರಿಗೆ ‘ಸಂಗೀತ ಕೇಳಿದ್ದಕ್ಕೂ ದುಡ್ಡು ಕೊಡುತ್ತೇವೆ’ ಎಂದಾಗ ಅವರಲ್ಲಿ ಚಡಪಡಿಕೆ ಕಡಿಮೆ ಇತ್ತು.

ಸ್ವಲ್ಪ ನಿಂತು ಯೋಚಿಸಿ. ಸಂಗೀತ ಅದೇ, ಕುರ್ಚಿ ಅದೇ, ಸಮಯ ಅಷ್ಟೇ. ಬದಲಾದದ್ದು ತಲೆಯೊಳಗಿನ ಒಂದು ಲೆಕ್ಕ. ಸಮಯಕ್ಕೆ ಬೆಲೆ ಪಟ್ಟಿ ಅಂಟಿಸಿದ ಕೂಡಲೇ ದುಡ್ಡು ಹುಟ್ಟಿಸದ ಪ್ರತಿ ನಿಮಿಷವೂ ನಷ್ಟದ ಖಾತೆಗೆ ಹೋಗುತ್ತದೆ. ಮಗಳು ಶಾಲೆಯಲ್ಲಿ ನಡೆದದ್ದನ್ನು ಉದ್ದಕ್ಕೆ ಹೇಳುತ್ತಿರುವಾಗ ನಾವು ‘ಹ್ಞೂಂ, ಆಮೇಲೆ?’ ಎಂದು ಅವಸರ ಮಾಡುವುದು ಅವಳ ಮೇಲಿನ ಪ್ರೀತಿ ಕಮ್ಮಿಯಾಗಿ ಅಲ್ಲ. ಹಿಂದುಗಡೆ ಈ ಲೆಕ್ಕ ಓಡುತ್ತಿರುತ್ತದೆ.

ಅಳತೆಯೂ ಹೀಗೇ ಮಾಡುತ್ತದೆ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೋರ್ಡನ್ ಎಟ್ಕಿನ್ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಜನರಿಗೆ ಬಣ್ಣ ತುಂಬುವುದು, ನಡೆಯುವುದು, ಓದುವುದು ಇಂಥ ಸಂತೋಷದ ಕೆಲಸಗಳನ್ನೇ ಕೊಟ್ಟಿದ್ದರು. ಒಂದು ಗುಂಪಿಗೆ ‘ನೀವು ಇಷ್ಟು ಮಾಡಿದ್ದೀರಿ’ ಎಂಬ ಲೆಕ್ಕ ಕಾಣುವಂತೆ ಮಾಡಿದರು. ಲೆಕ್ಕ ಕಂಡವರು ಜಾಸ್ತಿ ಮಾಡಿದರು, ಆದರೆ ಅವರಿಗೆ ಸಿಕ್ಕ ಖುಷಿ ಕಡಿಮೆ. ಅಳತೆ ತೆಗೆದ ಮೇಲೆ ಅದನ್ನು ಮುಂದುವರಿಸುವ ಮನಸ್ಸೂ ಅವರಲ್ಲಿ ಕಡಿಮೆ. ಇಷ್ಟಪಟ್ಟು ಮಾಡುತ್ತಿದ್ದದ್ದು ಡ್ಯೂಟಿ ಅನ್ನಿಸತೊಡಗಿತ್ತು.

ಲಾಲ್‌ಬಾಗಿನಲ್ಲೋ ಕುಕ್ಕರಹಳ್ಳಿ ಕೆರೆ ಏರಿಯ ಮೇಲೋ ಬೆಳಿಗ್ಗೆ ನಡೆಯುವವರನ್ನು ನೋಡಿ. ಮರದಲ್ಲಿ ಹಕ್ಕಿ ಕೂಗಿದರೆ ತಲೆ ಎತ್ತದವರು ಮಣಿಕಟ್ಟನ್ನು ಮಾತ್ರ ಪದೇ ಪದೇ ನೋಡಿಕೊಳ್ಳುತ್ತಾರೆ. ಹತ್ತು ಸಾವಿರ ಹೆಜ್ಜೆ ಮುಗಿಯಬೇಕು. ಈ ಹತ್ತು ಸಾವಿರ ಯಾವ ವೈದ್ಯಕೀಯ ಸಂಶೋಧನೆಯಿಂದಲೂ ಹುಟ್ಟಿದ್ದಲ್ಲ. 1965ರಲ್ಲಿ ಜಪಾನಿನ ಒಂದು ಕಂಪನಿ ಹೆಜ್ಜೆ ಎಣಿಸುವ ಪುಟ್ಟ ಯಂತ್ರ ಮಾರುಕಟ್ಟೆಗೆ ತಂದಾಗ, ಅದರ ಹೆಸರಿನಲ್ಲೇ ಈ ಸಂಖ್ಯೆ ಇತ್ತು. ನಡಿಗೆ ಮೈಗೆ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಡಾಕ್ಟರು ಹೇಳಿದ್ದರೆ ಎಣಿಸಲೇಬೇಕು. ಆದರೆ ಎಣಿಸುವ ನಡಿಗೆಯ ಜತೆಗೆ ಎಣಿಸದ ನಡಿಗೆಯೂ ಒಂದಿರಲಿ ಎನ್ನುವುದು ನನ್ನ ಮಾತು.

ಹಾಗಾದರೆ ಖುಷಿ ಕೊಡದಿದ್ದರೂ ನಾವು ಇದರ ಹಿಂದೆ ಓಡುವುದೇಕೆ? ಇದಕ್ಕೆ ಒಳ್ಳೆಯ ಉತ್ತರ ಕೊಟ್ಟವರು ಮಿಷಿಗನ್ ವಿಶ್ವವಿದ್ಯಾಲಯದ ಕೆಂಟ್ ಬೆರಿಜ್. ಡೋಪಮೈನ್ ಎಂದರೆ ಸುಖದ ರಾಸಾಯನಿಕ ಎಂದು ಒಂದು ಕಾಲದಲ್ಲಿ ವಿಜ್ಞಾನಿಗಳೇ ನಂಬಿದ್ದರು. ಬೆರಿಜ್ ಇಲಿಗಳ ಮಿದುಳಿನಲ್ಲಿ ಡೋಪಮೈನ್ ಹೆಚ್ಚುಕಡಿಮೆ ಇಲ್ಲದಂತೆ ಮಾಡಿ ನೋಡಿದರು. ಇಲಿಗಳು ತಾವಾಗಿ ಊಟದ ಹತ್ತಿರ ಹೋಗುವುದನ್ನೇ ಬಿಟ್ಟವು. ಆದರೆ ಬಾಯಿಗೆ ಸಕ್ಕರೆ ನೀರು ಹನಿಸಿದರೆ ಮೊದಲಿನ ಹಾಗೇ ತುಟಿ ಸವರಿಕೊಂಡವು. ಅಂದರೆ ರುಚಿ ಹಿತವಾಗಿಯೇ ಇತ್ತು, ಬೇಕು ಎಂಬ ಎಳೆತ ಮಾತ್ರ ಸತ್ತುಹೋಗಿತ್ತು. ‘ಬೇಕು’ ಅನ್ನಿಸುವುದಕ್ಕೂ ‘ಹಿತ’ ಅನ್ನಿಸುವುದಕ್ಕೂ ಮಿದುಳಿನಲ್ಲಿ ಬೇರೆ ಬೇರೆ ಏರ್ಪಾಡು ಇದೆ ಎಂಬುದು ಹೀಗೆ ಗೊತ್ತಾಯಿತು. ಡೋಪಮೈನ್ ಮುಖ್ಯವಾಗಿ ‘ಬೇಕು’ ಕಡೆಯದು.

ಇದು ಗೊತ್ತಾದರೆ ನಮ್ಮ ಎಷ್ಟೋ ನಡವಳಿಕೆ ಅರ್ಥವಾಗುತ್ತದೆ. ರಾತ್ರಿ ಹನ್ನೆರಡಕ್ಕೆ ರೀಲ್ಸ್ ಸರಿಸುತ್ತಾ ಇರುವವರನ್ನು ‘ಚೆನ್ನಾಗಿದೆಯಾ?’ ಎಂದು ಕೇಳಿ. ‘ಏನೋಪ್ಪ, ಸುಮ್ನೆ ನೋಡ್ತಿದೀನಿ’ ಅನ್ನುತ್ತಾರೆ. ಹಿತ ಇಲ್ಲ, ಎಳೆತ ಇದೆ. ಟು-ಡೂ ಲಿಸ್ಟಿನಲ್ಲಿ ಒಂದೊಂದೇ ಗೆರೆ ಹೊಡೆಯುವುದೂ ಕೆಲವೊಮ್ಮೆ ಇಂಥದ್ದೇ. ಒಂದು ಮುಗಿಯಿತು ಎಂದು ಉಸಿರು ಬಿಡುವ ಮೊದಲೇ ಮುಂದಿನದು ಎಳೆಯುತ್ತದೆ. ಎಳೆತಕ್ಕೆ ಸದ್ದು ಜಾಸ್ತಿ. ಹಿತಕ್ಕೆ ಸದ್ದೇ ಇಲ್ಲ, ಗಮನ ಕೊಟ್ಟರೆ ಮಾತ್ರ ಅದು ಇರುವುದು ಗೊತ್ತಾಗುತ್ತದೆ.

ಗಮನದ ವಿಷಯದಲ್ಲಿ ಹಾರ್ವರ್ಡಿನ ಇಬ್ಬರು ಸಂಶೋಧಕರು 2010ರಲ್ಲಿ ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. 2,250 ಜನರ ಮೊಬೈಲಿಗೆ ದಿನದ ಯಾವುದೋ ಹೊತ್ತಿನಲ್ಲಿ ಪ್ರಶ್ನೆ ಕಳಿಸುತ್ತಿದ್ದರು. ಈಗ ಏನು ಮಾಡುತ್ತಿದ್ದೀರಿ? ಮನಸ್ಸು ಅದರಲ್ಲೇ ಇದೆಯಾ? ಎಷ್ಟು ಖುಷಿಯಾಗಿದ್ದೀರಿ? ನೂರರಲ್ಲಿ ಸುಮಾರು 47 ಸಲ ಜನರ ಮನಸ್ಸು ಮಾಡುತ್ತಿದ್ದ ಕೆಲಸದಲ್ಲಿ ಇರಲಿಲ್ಲ. ಮನಸ್ಸು ಬೇರೆಡೆ ಇದ್ದಾಗ ಅವರ ಖುಷಿ ಕಡಿಮೆ ಇತ್ತು. ಒಳ್ಳೆಯ ವಿಷಯವನ್ನೇ ಯೋಚಿಸುತ್ತಿದ್ದವರೂ ಕೈಯಲ್ಲಿರುವ ಕೆಲಸದಲ್ಲಿ ಮನಸ್ಸಿಟ್ಟವರಿಗಿಂತ ಹೆಚ್ಚೇನೂ ಖುಷಿಯಾಗಿರಲಿಲ್ಲ.

ಇನ್ನೊಂದು ತೊಡಕೂ ಇದೆ: ರೂಢಿ. ಸಿಕ್ಕಿದ್ದಕ್ಕೆ ಮನಸ್ಸು ಬೇಗ ಒಗ್ಗಿಹೋಗುತ್ತದೆ. ಅಮೆರಿಕದ ಫಿಲಿಪ್ ಬ್ರಿಕ್‌ಮನ್ ಮತ್ತು ಜತೆಗಾರರು 1978ರಲ್ಲಿ ಲಾಟರಿ ಗೆದ್ದ 22 ಜನರನ್ನು ಮಾತಾಡಿಸಿದರು. ಈ ಅಧ್ಯಯನ ಎಲ್ಲೆಡೆ ಉದಾಹರಣೆಯಾಗಿ ಬರುತ್ತದೆ, ಆದರೆ ಅದರೊಳಗಿನ ಒಂದು ಸಣ್ಣ ವಿಷಯವನ್ನು ಯಾರೂ ಅಷ್ಟಾಗಿ ಹೇಳುವುದಿಲ್ಲ. ಸ್ನೇಹಿತರ ಜತೆ ಮಾತು, ಬೆಳಗಿನ ತಿಂಡಿ, ಟಿವಿ ನೋಡುವುದು, ಒಂದು ಜೋಕು ಕೇಳುವುದು, ಯಾರಾದರೂ ಮೆಚ್ಚಿ ಮಾತಾಡುವುದು, ಇವೆಲ್ಲ ಎಷ್ಟು ಖುಷಿ ಕೊಡುತ್ತವೆ ಎಂದು ಕೇಳಿದ್ದರು. ಲಾಟರಿ ಗೆದ್ದವರಿಗೆ ಇವು ಬೇರೆಯವರಿಗಿಂತ ಸಪ್ಪೆ ಅನ್ನಿಸಿದ್ದವು. 22 ಜನ ಎಂದರೆ ತೀರಾ ಚಿಕ್ಕ ಗುಂಪು, ಅಷ್ಟರಿಂದ ದುಡ್ಡು ಖುಷಿ ಕೊಡುವುದಿಲ್ಲ ಎಂದುಬಿಡುವುದು ತಪ್ಪು. ಸ್ವೀಡನ್ನಿನಲ್ಲಿ ಲಾಟರಿ ಗೆದ್ದವರ ಬಗ್ಗೆ ಆಮೇಲೆ ನಡೆದ ಬಹಳ ದೊಡ್ಡ ಅಧ್ಯಯನದಲ್ಲಿ ಬದುಕಿನ ಬಗೆಗಿನ ತೃಪ್ತಿ ವರ್ಷಗಟ್ಟಲೆ ಹೆಚ್ಚೇ ಉಳಿದಿತ್ತು. ಬಾಡಿಗೆ, ಫೀಸು, ಆಸ್ಪತ್ರೆ ಖರ್ಚಿನ ಚಿಂತೆ ಇಲ್ಲದಿರುವುದು ಸಣ್ಣ ಮಾತಲ್ಲ. ಆದರೆ ತೃಪ್ತಿ ಒಂದು, ಬೆಳಗಿನ ದೋಸೆಯ ರುಚಿ ಇನ್ನೊಂದು. ಒಂದು ಹೆಚ್ಚಿದರೆ ಇನ್ನೊಂದು ತಾನಾಗಿ ಹೆಚ್ಚುವುದಿಲ್ಲ. 2010ರ ಒಂದು ಪ್ರಯೋಗದಲ್ಲಿ ಬರೀ ನೋಟಿನ ಫೋಟೊ ನೋಡಿದ ವಿದ್ಯಾರ್ಥಿಗಳೂ ಆಮೇಲೆ ಕೊಟ್ಟ ಚಾಕೊಲೇಟನ್ನು ಬೇಗಬೇಗ ತಿಂದು ಮುಗಿಸಿದ್ದರು, ಸವಿದದ್ದು ಕಡಿಮೆ.

ರೂಢಿಯ ಈ ಮಂಕನ್ನು ಒಡೆಯುವುದು ವಿರಾಮ. ಒಂದು ವಾರ ಚಾಕೊಲೇಟ್ ಬಿಟ್ಟವರಿಗೆ ಆಮೇಲೆ ತಿಂದಾಗ ಹೆಚ್ಚು ರುಚಿಸಿತು ಎಂದು 2013ರ ಒಂದು ಅಧ್ಯಯನ ತೋರಿಸಿದೆ. ನಮ್ಮ ಕಡೆ ಈ ಕೆಲಸವನ್ನು ಕಾಲಮಾನವೇ ಮಾಡುತ್ತಾ ಬಂದಿದೆ. ಅವರೆಕಾಯಿಯನ್ನೇ ತೆಗೆದುಕೊಳ್ಳಿ. ಬೆಂಗಳೂರು, ಮೈಸೂರು, ಕೋಲಾರದ ಕಡೆ ಚಳಿ ಶುರುವಾದಾಗ ಗಾಡಿಗಳ ಮೇಲೆ ರಾಶಿ ಬೀಳುತ್ತದೆ. ಸೊಗಡಿದೆಯಾ ಎಂದು ಮೂಸಿ ನೋಡಿ ಕೊಳ್ಳುತ್ತಾರೆ. ಕಾಯಿ ಬಿಡಿಸಿ, ಕಾಳನ್ನು ರಾತ್ರಿ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಪಾತ್ರೆ ನಡುವೆ ಇಟ್ಟುಕೊಂಡು ಮನೆಮಂದಿ ಸುತ್ತ ಕೂರುತ್ತಾರೆ. ಕಾಳನ್ನು ಹೆಬ್ಬೆರಳು, ತೋರುಬೆರಳ ನಡುವೆ ಹಿಡಿದು ಹಿತುಕಿದರೆ ಸಿಪ್ಪೆ ಕೈಯಲ್ಲುಳಿದು ಬೇಳೆ ಪುಳಕ್ಕನೆ ಹಾರುತ್ತದೆ. ಒಂದೊಂದು ಪಾತ್ರೆ ತಪ್ಪಿ ಸೋಫಾ ಕೆಳಗೆ ಹೋಗುತ್ತದೆ, ಮಕ್ಕಳು ನುಗ್ಗುತ್ತಾರೆ. ಬೆರಳ ತುದಿ ನೀರಿಗೆ ಸುಕ್ಕಾಗಿ, ಸೊಗಡಿನ ವಾಸನೆ ಉಗುರಿಗೇ ಅಂಟುತ್ತದೆ. ಕೈಗೆ ಕೆಲಸ ಇದೆ, ಬಾಯಿಗೆ ಬಿಡುವಿದೆ. ಅತ್ತೆಮನೆ, ಆಫೀಸು, ಪಕ್ಕದ ಬೀದಿಯ ಸುದ್ದಿ ಎಲ್ಲ ಅಲ್ಲಿ ಬಿಚ್ಚಿಕೊಳ್ಳುತ್ತದೆ.

ಈಗ ಹಿತುಕಿದ ಬೇಳೆಯೇ ಪ್ಯಾಕೆಟ್ಟಿನಲ್ಲಿ ಸಿಗುತ್ತದೆ. ಬೆಳಿಗ್ಗೆ ಎಂಟಕ್ಕೆ ಬಸ್ಸು ಹಿಡಿಯಬೇಕಾದವರು ಅದನ್ನು ಕೊಳ್ಳುವುದರಲ್ಲಿ ಏನೂ ತಪ್ಪಿಲ್ಲ. ಅಷ್ಟಾದರೂ ಒಂದು ಭಾನುವಾರ ಕಾಯಿ ತಂದು ಕೂತು ನೋಡಬೇಕು. ಸಾರು ಒಲೆ ಮೇಲೆ ಕುದಿಯುವ ಹೊತ್ತಿಗೆ ಬೆಳಗಿನ ಸುಖ ಅರ್ಧ ಅನುಭವಿಸಿ ಆಗಿರುತ್ತದೆ. ಸವಿಯುವುದರ ಬಗ್ಗೆ ವರ್ಷಗಟ್ಟಲೆ ಸಂಶೋಧನೆ ಮಾಡಿದ ಫ್ರೆಡ್ ಬ್ರಯಂಟ್ ಹೇಳುವುದೂ ಇದನ್ನೇ. ಸುಖಕ್ಕೆ ಮೂರು ಹೊತ್ತು: ಕಾಯುವಾಗ, ಸಿಕ್ಕಾಗ, ನೆನೆಯುವಾಗ. ಅವರೆಕಾಯಿ ಕಾಲದಲ್ಲಿ ಮೂರೂ ಇವೆ. ವರ್ಷವಿಡೀ ಸಿಗುವ ವಸ್ತುವಿಗೆ ಕಾಯುವ ಹೊತ್ತು ಇಲ್ಲವಾಗುತ್ತದೆ.

ಇಲ್ಲಿ ಒಂದು ಆಕ್ಷೇಪ ಬರುವುದು ಸಹಜ. ‘ಕಾಯಕವೇ ಕೈಲಾಸ’ ಎಂದ ನಾಡಿನಲ್ಲಿ ಕೂತು ಸವಿಯುವ ಮಾತೇ? ಆ ಮಾತು ಬರುವುದು ಆಯ್ದಕ್ಕಿ ಮಾರಯ್ಯನ ವಚನದಲ್ಲಿ. ಕಲ್ಯಾಣದಲ್ಲಿ ನೆಲಕ್ಕೆ ಚೆಲ್ಲಿದ ಅಕ್ಕಿ ಆಯ್ದು ತರುವುದು ಅವನ ಕಾಯಕ. ಒಂದು ದಿನ ಅವನು ಎಂದಿಗಿಂತ ಜಾಸ್ತಿ ಅಕ್ಕಿ ತಂದ. ಹೆಂಡತಿ ಲಕ್ಕಮ್ಮ ಹಿಗ್ಗಲಿಲ್ಲ. ‘ಈಸಕ್ಕಿಯಾಸೆ ನಿಮಗೇಕೆ?’ ಎಂದು ಕೇಳಿ, ಹೆಚ್ಚಿನದನ್ನು ಅಲ್ಲೇ ಸುರಿದು ಬನ್ನಿ ಎಂದಳು. ಅಂದಿನ ದಾಸೋಹಕ್ಕೆ ಬೇಕಾದಷ್ಟು ದುಡಿಮೆ, ಅದಕ್ಕಿಂತ ಹೆಚ್ಚಿನದು ಆಸೆ. ಕಾಯಕಕ್ಕೆ ‘ಸಾಕು’ ಎಂಬ ಗಡಿ ಇತ್ತು. ಇವತ್ತು ಓವರ್‌ಟೈಮಿಗೆ ಒಪ್ಪಿಸಲು ಈ ಮಾತನ್ನು ಗೋಡೆಗೆ ಹಾಕುವವರು ಲಕ್ಕಮ್ಮನನ್ನು ಬಿಟ್ಟುಬಿಡುವುದು ನನಗೆ ನೋವಿನ ವಿಷಯ.

2023ರ ಅಕ್ಟೋಬರಿನಲ್ಲಿ ಇನ್ಫೋಸಿಸ್ ಸ್ಥಾಪಕರಲ್ಲೊಬ್ಬರಾದ ನಾರಾಯಣಮೂರ್ತಿಯವರು ಯುವಕರು ವಾರಕ್ಕೆ 70 ಗಂಟೆ ದುಡಿಯಬೇಕು ಎಂದಾಗ ಮನೆಮನೆಯಲ್ಲಿ ಚರ್ಚೆಯಾಯಿತು. ಇದೇ 70 ಗಂಟೆಯ ಬಗ್ಗೆ ಹಳೆಯ ಲೆಕ್ಕವೊಂದಿದೆ. ಮೊದಲ ಮಹಾಯುದ್ಧದ ಕಾಲದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳಲ್ಲಿ ಬರೆದಿಟ್ಟ ದಾಖಲೆಗಳನ್ನು ಸ್ಟ್ಯಾನ್‌ಫರ್ಡಿನ ಅರ್ಥಶಾಸ್ತ್ರಜ್ಞ ಜಾನ್ ಪೆನ್ಕಾವೆಲ್ ಮತ್ತೆ ತೆರೆದು ನೋಡಿದರು. ವಾರಕ್ಕೆ ಸುಮಾರು 50 ಗಂಟೆ ದಾಟಿದ ಮೇಲೆ ಪ್ರತಿ ಹೆಚ್ಚಿನ ಗಂಟೆಯ ಫಲ ಇಳಿಯುತ್ತಾ ಬಂತು. 70 ಗಂಟೆ ದುಡಿದವರ ಉತ್ಪಾದನೆ 56 ಗಂಟೆ ದುಡಿದವರಿಗಿಂತ ಹೆಚ್ಚೇನೂ ಇರಲಿಲ್ಲ. ಅದು ಕೈಕೆಲಸದ ಲೆಕ್ಕ, ಕಂಪ್ಯೂಟರ್ ಮುಂದಿನ ಕೆಲಸಕ್ಕೆ ಹಾಗೇ ಒಪ್ಪುತ್ತದೆ ಎನ್ನಲಾಗದು. ಆದರೆ ಗಂಟೆ ಹೆಚ್ಚಿದಷ್ಟೂ ಕೆಲಸ ಹೆಚ್ಚುತ್ತದೆ ಎಂಬ ನಂಬಿಕೆ ಅಲ್ಲಿಯೇ ಸೋತಿತ್ತು.

ಇದನ್ನು ಹೇಳಿದ ಕೂಡಲೇ ಒಂದು ಎಚ್ಚರವೂ ಬೇಕು. ‘ವಿಶ್ರಾಂತಿ ತೆಗೆದುಕೊಳ್ಳಿ, ನಾಳೆ ಹೆಚ್ಚು ಕೆಲಸ ಮಾಡಬಹುದು’ ಎಂಬ ಸಲಹೆ ಈಗ ಎಲ್ಲ ಕಡೆ ಕೇಳುತ್ತದೆ. ಅದು ನಿಜವೇ ಇರಬಹುದು. ಆದರೆ ಕಾಫಿ ಕುಡಿಯುವುದು ನಾಳೆಯ ಕೆಲಸಕ್ಕಾಗಿ ಎಂದಾದರೆ ಮತ್ತೆ ಅದೇ ಲೆಕ್ಕ ಒಳಗೆ ಬಂದ ಹಾಗಾಯಿತು, ಅಲ್ವಾ? ಬಿಡುವು ಎಂದರೆ ದಂಡ ಎಂದು ನಂಬಿದವರಿಗೆ ಬಿಡುವಿನಿಂದ ಸಿಗುವ ಖುಷಿ ಕಡಿಮೆ ಎಂದು 2021ರ ಒಂದು ಅಧ್ಯಯನ ತೋರಿಸಿದೆ. ಬಿಸಿ ಕಾಫಿ ರುಚಿಯಾಗಿದೆ. ಅದಕ್ಕೆ ಬೇರೆ ಸಮರ್ಥನೆ ಬೇಡ.

ಹಾಗಂತ ಸಣ್ಣ ಸುಖಗಳಿಗೂ ಟೈಮ್‌ಟೇಬಲ್ ಹಾಕಿದರೆ ಕೆಡುತ್ತದೆ. 2016ರ ಒಂದು ಅಧ್ಯಯನದಲ್ಲಿ ಪರೀಕ್ಷೆಯ ಸಮಯದಲ್ಲಿ ಕಾಲೇಜಿನಲ್ಲಿ ಬಿಟ್ಟಿ ಕಾಫಿ, ಬಿಸ್ಕತ್ತು ಇಟ್ಟಿದ್ದರು. ಕೆಲವರಿಗೆ ಸರಿಯಾಗಿ ಇಷ್ಟು ಗಂಟೆಗೆ ಬನ್ನಿ ಎಂದು ಗೊತ್ತುಮಾಡಿದರು. ಇನ್ನು ಕೆಲವರಿಗೆ ಈ ಎರಡು ಗಂಟೆಯೊಳಗೆ ಯಾವಾಗಲಾದರೂ ಬನ್ನಿ ಎಂದರು. ಗಂಟೆ ಗೊತ್ತುಮಾಡಿಕೊಂಡು ಬಂದವರಿಗೆ ಖುಷಿ ಕಡಿಮೆ, ಅದು ಅವರಿಗೆ ಇನ್ನೊಂದು ಕೆಲಸದಂತೆ ಅನ್ನಿಸಿತ್ತು. ‘ಸಂಜೆ ಕಡೆ ಸಿಗೋಣ’ ಎಂದು ನಾವು ಹೇಳುತ್ತೇವಲ್ಲ, ಆ ಸಡಿಲ ಮಾತೇ ಸರಿ. ಆರು ಹದಿನೈದಕ್ಕೆ ಸಿಗೋಣ ಎಂದರೆ ಸ್ನೇಹಿತನೂ ಮೀಟಿಂಗ್ ಆಗಿಬಿಡುತ್ತಾನೆ.

ಉಳಿದದ್ದು ತೀರಾ ಸರಳ. ಕಾಫಿ ಕುಡಿಯುವಾಗ ಮೊಬೈಲ್ ಬೇರೆ ಕೋಣೆಯಲ್ಲಿರಲಿ. ಮೇಜಿನ ಮೇಲೆ ಬೋರಲು ಹಾಕಿಟ್ಟರೂ ಅದು ಎಳೆಯುತ್ತದೆ. ಚೆನ್ನಾಗಿದ್ದರೆ ಪಕ್ಕದವರಿಗೆ ‘ಇವತ್ತು ಡಿಕಾಕ್ಷನ್ ಚೆನ್ನಾಗಿ ಇಳಿದಿದೆ’ ಎಂದು ಹೇಳಿ. ಬಾಯಿಬಿಟ್ಟು ಹೇಳಿದ ಸುಖ ಹೆಚ್ಚು ಹೊತ್ತು ಉಳಿಯುತ್ತದೆ. ದಿನಕ್ಕೆ ಇಷ್ಟು ಸಣ್ಣ ಸುಖ ಎಂದು ಡೈರಿಯಲ್ಲಿ ಟಿಕ್ ಹಾಕುವುದು ಮಾತ್ರ ಬೇಡ.

ಇಷ್ಟು ಬರೆದ ಮೇಲೆ ಹೇಳಲೇಬೇಕಾದ ಮಾತೊಂದಿದೆ. ಬಿಡುವು ಎಲ್ಲರಿಗೂ ಸಮನಾಗಿ ಸಿಗುವುದಿಲ್ಲ. ಕೇಂದ್ರ ಸರಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಸಂಬಳವಿಲ್ಲದ ಮನೆಗೆಲಸ ಮಾಡುವ ಹೆಂಗಸರು ದಿನಕ್ಕೆ ಸರಾಸರಿ 289 ನಿಮಿಷ ಅದಕ್ಕೆ ಕೊಡುತ್ತಾರೆ, ಗಂಡಸರು 88 ನಿಮಿಷ. ಈ ಅಂತರದ ಮೇಲೆಯೇ ಬಹಳ ಮನೆಗಳ ಬೆಳಗಿನ ನೆಮ್ಮದಿ ನಿಂತಿದೆ. ಪೇಪರ್ ಹಿಡಿದು ಕೂತವರಿಗೆ ಲೋಟ ಕೈಗೆ ಬರುತ್ತದೆ. ಅದನ್ನು ಮಾಡಿದಾಕೆ ಕುಕ್ಕರ್ ಸೀಟಿ, ಮಕ್ಕಳ ಡಬ್ಬಿ, ಹಾಲಿನ ಪಾತ್ರೆಯ ನಡುವೆ ತನ್ನದನ್ನು ಕಟ್ಟೆ ಮೇಲೆ ಮರೆತು, ಆರಿದ ಮೇಲೆ ನಿಂತುಕೊಂಡೇ ಕುಡಿಯುತ್ತಾಳೆ. ಅವಳಿಗೆ ‘ಈ ಕ್ಷಣವನ್ನು ಸವಿಯಿರಿ’ ಎಂದು ಉಪದೇಶ ಮಾಡಿ ಪ್ರಯೋಜನವಿಲ್ಲ. ರಾತ್ರಿ ಮಲಗುವ ಮುಂಚೆ ಇನ್ನೊಬ್ಬರು ಫಿಲ್ಟರ್ ತೊಳೆದು ಒಣಗಿಸಿ, ಬೆಳಿಗ್ಗೆ ಅವಳಿಗಿಂತ ಮೊದಲು ಎದ್ದು ಪುಡಿ ಹಾಕಿ ಬಿಸಿನೀರು ಹೊಯ್ಯಬೇಕು. ಡಬ್ಬಿಯನ್ನೂ ಅವರೇ ತುಂಬಿಸಬೇಕು. ಮೊದಲ ಡಿಕಾಕ್ಷನ್ನಿನ ಕಾಫಿ ಅವಳ ಕೈಗೆ, ಅವಳು ಕೂತಿರುವ ಕಡೆಗೆ ಹೋಗಬೇಕು.